ಮೊತ್ತ ಸರಿ, ಖಾತೆ ತಪ್ಪು: ಎರಡು ಸಂಖ್ಯಾ ಟೈಪ್‌ಗಳ ನಡುವಿನ ಒಂದು ಜಾಯಿನ್

ಹಿನ್ನೆಲೆ

ಇದು ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಸಂಸ್ಥೆಯಲ್ಲಿ ನಡೆದದ್ದು. ಸಣ್ಣ ಸಾಲ ಕೊಡುವ ಕಂಪನಿಗಳ ಪರವಾಗಿ ತಿಂಗಳ ಕಂತು ವಸೂಲಿ ಮಾಡುವುದು ಅವರ ಕೆಲಸ. ಸಂಸ್ಥೆಯ ಹೆಸರನ್ನಾಗಲಿ, ಜನರ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ. ವಹಿವಾಟಿನ ಸಂಖ್ಯೆಗಳನ್ನೂ ಬದಲಿಸಿದ್ದೇನೆ. ಆದರೆ ಬದಲಿಸಿದ ಸಂಖ್ಯೆಗಳ ಮೇಲೂ ಲೆಕ್ಕ ಹಾಗೆಯೇ ನಡೆಯುತ್ತದೆ. ಬೇಕಾದವರು ತಮ್ಮ ಕಂಪ್ಯೂಟರಿನಲ್ಲಿ ಪರೀಕ್ಷಿಸಿ ನೋಡಬಹುದು. ಹೊರಗಿನವನಾಗಿ ಈ ಲೆಕ್ಕವನ್ನು ಪರಿಶೀಲಿಸಲು ನನ್ನನ್ನು ಕರೆದಿದ್ದರು.

ಕಂತು ವಸೂಲಿಯಾಗುವ ರೀತಿ ಹೀಗೆ: ಸಾಲಗಾರರು ಮೊದಲೇ ಒಪ್ಪಿಗೆ ಕೊಟ್ಟಿರುತ್ತಾರೆ. ಗೊತ್ತಾದ ದಿನದಂದು, ಹೆಚ್ಚಿನವರಿಗೆ ತಿಂಗಳ 5ನೇ ತಾರೀಖು, ಒಂದು ದೊಡ್ಡ ಫೈಲ್ ಬ್ಯಾಂಕಿಗೆ ಹೋಗುತ್ತದೆ ಮತ್ತು ಅವರವರ ಖಾತೆಯಿಂದ ಹಣ ಕಡಿತವಾಗುತ್ತದೆ. ಕೆಲವರು ಅದೇ ತಿಂಗಳು ಶಾಖೆಗೆ ಹೋಗಿ ನಗದು ಕಟ್ಟಿರುತ್ತಾರೆ, ಇಲ್ಲವೇ ಮೊಬೈಲ್ ಮೂಲಕ ಪಾವತಿಸಿರುತ್ತಾರೆ. ಆಗ ಒಂದೇ ಕಂತು ಎರಡು ಸಲ ಬಂದಂತಾಗುತ್ತದೆ. ಹೆಚ್ಚಾಗಿ ಬಂದ ಹಣವನ್ನು ಮುಂದಿನ ತಿಂಗಳ ಕಂತಿಗೆ ಹೊಂದಾಣಿಕೆ ಮಾಡುತ್ತಾರೆ. ಆ ಹೊಂದಾಣಿಕೆಗಳದೇ ಒಂದು ಪಟ್ಟಿ ಇದೆ. ಪಟ್ಟಿಯ ಪ್ರತಿ ಸಾಲಿನಲ್ಲೂ ಮೂಲ ವಹಿವಾಟಿನ ಸಂಖ್ಯೆ ಇರುತ್ತದೆ, ಮೊತ್ತ ಇರುತ್ತದೆ. ಆ ಸಂಖ್ಯೆಯನ್ನು ವಹಿವಾಟುಗಳ ದೊಡ್ಡ ಟೇಬಲ್‌ನೊಂದಿಗೆ ಜೋಡಿಸಿದರೆ ಯಾವ ಸಾಲದ ಖಾತೆಗೆ ಹೊಂದಾಣಿಕೆ ಹೋಗಬೇಕು ಎಂಬುದು ತಿಳಿಯುತ್ತದೆ. ಹೀಗೆ ಎರಡು ಟೇಬಲ್‌ಗಳನ್ನು ಒಂದೇ ಸಂಖ್ಯೆ ನೋಡಿ ಜೋಡಿಸುವುದಕ್ಕೆ ಜಾಯಿನ್ ಎನ್ನುತ್ತಾರೆ. ಇಡೀ ವ್ಯವಸ್ಥೆ ನಿಂತಿದ್ದದ್ದು ಈ ಒಂದು ಜಾಯಿನ್‌ನ ಮೇಲೆ.

ವಹಿವಾಟಿನ ಸಂಖ್ಯೆ 64 ಬಿಟ್‌ಗಳ ಪೂರ್ಣಾಂಕ, ಅಂದರೆ 64 ಸೊನ್ನೆ-ಒಂದುಗಳಲ್ಲಿ ಬರೆದಿಡುವ ಸಂಖ್ಯೆ. 2010ರಲ್ಲಿ ಟ್ವಿಟರ್ ತನ್ನ ಟ್ವೀಟ್‌ಗಳಿಗೆ ಸಂಖ್ಯೆ ಕೊಡಲು ರೂಪಿಸಿದ ಸ್ನೋಫ್ಲೇಕ್ ಪದ್ಧತಿಯನ್ನೇ ಇವರೂ ಅನುಸರಿಸಿದ್ದರು. ಅದರಲ್ಲಿ 41 ಬಿಟ್‌ಗಳು ಮಿಲಿಸೆಕೆಂಡಿನಲ್ಲಿ ಅಳೆದ ಸಮಯಕ್ಕೆ, 10 ಬಿಟ್‌ಗಳು ಸಂಖ್ಯೆ ಕೊಟ್ಟ ಯಂತ್ರಕ್ಕೆ, ಕೊನೆಯ 12 ಬಿಟ್‌ಗಳು ಅದೇ ಮಿಲಿಸೆಕೆಂಡಿನಲ್ಲಿ ಅದೇ ಯಂತ್ರ ಕೊಟ್ಟ ಸಂಖ್ಯೆಗಳ ಸರದಿಗೆ ಮೀಸಲು. ಹೊಸ ಮಿಲಿಸೆಕೆಂಡು ಶುರುವಾದರೆ ಸರದಿ ಮತ್ತೆ 0ಯಿಂದ ಆರಂಭ. ಈ ವಿವರವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಬರುವ ಗಂಟು ಬಿಚ್ಚಿಕೊಂಡದ್ದು ಇಲ್ಲಿಂದಲೇ.

ಸಮಸ್ಯೆ ಕಾಣಿಸಿಕೊಂಡ ಬಗೆ

ಜಾಯಿನ್ ಬಹಳ ಕಾಲ ಯಾವ ತಕರಾರೂ ಇಲ್ಲದೆ ನಡೆದಿತ್ತು. ಒಂದು ತಿಂಗಳ ಕೊನೆಯಲ್ಲಿ ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರಿಗೆ ವರದಿಯಲ್ಲಿನ ಹೊಂದಾಣಿಕೆಯ ಒಟ್ಟು ಮೊತ್ತ ಮೂಲ ಪಟ್ಟಿಯ ಮೊತ್ತಕ್ಕಿಂತ ಹೆಚ್ಚಾಗಿ ಕಂಡಿತು. ಅವರು ಬರೀ ವ್ಯತ್ಯಾಸವಿದೆ ಎಂದು ಹೇಳಿ ಸುಮ್ಮನಾಗಲಿಲ್ಲ. ಸಾಲು ಸಾಲಾಗಿ ಕೆಳಗಿಳಿದು, ಪಟ್ಟಿಯಲ್ಲಿ ಒಮ್ಮೆ ಮಾತ್ರ ಇರುವ ಹೊಂದಾಣಿಕೆ ವರದಿಯಲ್ಲಿ ಹಲವು ಖಾತೆಗಳ ಹೆಸರಿನಲ್ಲಿ ಬಂದಿರುವುದನ್ನು ಗುರುತು ಹಾಕಿ ಕಳುಹಿಸಿದರು. ಎಲ್ಲ ತಾಂತ್ರಿಕ ಸಲಕರಣೆಗಳ ನಡುವೆ ತಪ್ಪನ್ನು ಮೊದಲು ಹಿಡಿದದ್ದು ಅವರು. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಇಂಥ ಪ್ರಕರಣಗಳನ್ನು ಬರೆದಿಡುವಾಗ ಅವರಂಥವರ ಪಾಲು ಕಾಣೆಯಾಗುತ್ತದೆ.

ದತ್ತಾಂಶ ತಂಡದವರು ಕ್ವೆರಿಯನ್ನು, ಅಂದರೆ ಡೇಟಾಬೇಸ್‌ಗೆ ಬರೆದ ಪ್ರಶ್ನೆಯನ್ನು, ತೆರೆದು ನೋಡಿದರು. ಒಂದು ಹೊಂದಾಣಿಕೆಗೆ ಒಂದಕ್ಕಿಂತ ಹೆಚ್ಚು ವಹಿವಾಟು ಹೊಂದುತ್ತಿತ್ತು. ವಹಿವಾಟಿನ ಸಂಖ್ಯೆ ಎರಡು ಸಲ ಬರಲು ಸಾಧ್ಯವೇ ಇಲ್ಲ, ಟೇಬಲ್‌ನಲ್ಲಿ ಅದಕ್ಕೆ ಕಟ್ಟುಪಾಡು ಇದೆ. ಆದರೂ ಹೊಂದುತ್ತಿತ್ತು. ವರದಿ ಕೊಡಬೇಕಾದ ಗಡುವು ಹತ್ತಿರ ಬಂದಿತ್ತು. ಆಗ ಒಬ್ಬರು ಸುಲಭದ ದಾರಿ ಹಿಡಿದರು: ಪ್ರತಿ ಹೊಂದಾಣಿಕೆಗೂ ಹೊಂದಿದ ಸಾಲುಗಳಲ್ಲಿ ಮೊದಲನೆಯದನ್ನು ಉಳಿಸಿಕೊಂಡು ಉಳಿದದ್ದನ್ನು ಬಿಟ್ಟುಬಿಡುವುದು. ವರದಿ ಮತ್ತೆ ಓಡಿತು. ಒಟ್ಟು ಮೊತ್ತ ಪೈಸೆಗೆ ಪೈಸೆ ತಾಳೆಯಾಯಿತು.

ಇಡೀ ಪ್ರಕರಣದ ಅತ್ಯಂತ ಅಪಾಯದ ಘಳಿಗೆ ಇದು ಎಂದು ನನ್ನ ದೃಢವಾದ ಅಭಿಪ್ರಾಯ. ಮೊತ್ತ ತಾಳೆಯಾಗದೆ ಇದ್ದಷ್ಟು ಹೊತ್ತು ಎಲ್ಲರ ಕಣ್ಣೂ ಅದರ ಮೇಲಿತ್ತು. ತಾಳೆಯಾದ ಮರುಕ್ಷಣ ವಿಷಯ ಮುಗಿಯಿತು ಎಂದುಕೊಂಡರು. ಮೊತ್ತ ಎಷ್ಟು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತ್ತು, ಯಾರದು ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಮುಂದಿನ ತಿಂಗಳು 5ನೇ ತಾರೀಖಿನ ನಂತರ ಗ್ರಾಹಕ ಸೇವಾ ವಿಭಾಗಕ್ಕೆ ಕರೆಗಳು ಬರತೊಡಗಿದವು. ಒಂದು ಕರೆಯ ದಾಖಲೆಯನ್ನು ನಾನೇ ಕೇಳಿದೆ. ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಒಬ್ಬ ಹೆಂಗಸು. "ಹೋದ ತಿಂಗಳು ಎರಡು ಸಲ ಹಣ ಹೋಗಿದೆ, ಈ ತಿಂಗಳು ಕಡಿತ ಮಾಡುವುದಿಲ್ಲ ಎಂದು ನೀವೇ ಹೇಳಿದ್ದಿರಲ್ಲ ಸರ್? ಈಗ ಮತ್ತೆ ಪೂರ್ತಿ ಕಂತು ಹೋಗಿದೆ. ಮಗಳ ಫೀಸಿಗೆ ಇಟ್ಟಿದ್ದ ದುಡ್ಡು ಅದು" ಎಂದರು. ಸೇವಾ ವಿಭಾಗದವರು ತೆರೆ ನೋಡಿ, "ನಿಮ್ಮ ಹೊಂದಾಣಿಕೆ ಆಗಿದೆ ಎಂದೇ ತೋರಿಸುತ್ತಿದೆ ಮೇಡಂ" ಎಂದರು. ಹೊಂದಾಣಿಕೆ ಆಗಿದ್ದು ನಿಜ. ಆದರೆ ಅದು ಬೇರೆ ಯಾರದೋ ಸಾಲದ ಖಾತೆಗೆ ಜಮಾ ಆಗಿತ್ತು.

ಸುಳಿವು

ಅದೇ ವಾರ ತಂಡದ ಒಬ್ಬ ಯುವ ಎಂಜಿನಿಯರ್ ಒಂದು ವಿಚಿತ್ರವನ್ನು ಗಮನಿಸಿದರು. ಒಬ್ಬರೇ ಸಾಲಗಾರರ ಖಾತೆಗೆ ಒಂದೇ ತಿಂಗಳಲ್ಲಿ ಹಲವು ಹೊಂದಾಣಿಕೆಗಳು ಬಂದಿದ್ದವು. ಕಂತು ಎರಡು ಸಲ ಕಟ್ಟುವುದುಂಟು, ಐದಾರು ಸಲ ಯಾರು ಕಟ್ಟುತ್ತಾರೆ? ಹಾಗೆ ಬಂದ ಖಾತೆಗಳೆಲ್ಲ ಹಳೆಯ ಖಾತೆಗಳು, ಅಂದರೆ ಚಿಕ್ಕ ಖಾತೆ ಸಂಖ್ಯೆಯವು. ಬ್ಯಾಂಕಿಗೆ ಕಳುಹಿಸುವ ಫೈಲ್ ಖಾತೆ ಸಂಖ್ಯೆಯ ಕ್ರಮದಲ್ಲಿ ಇರುತ್ತದೆ. ಹೊಂದಿದ ಸಾಲುಗಳಲ್ಲಿ "ಮೊದಲನೆಯದು" ಎಂದರೆ ಆ ಕ್ರಮದಲ್ಲಿ ಮುಂದೆ ನಿಂತವರು. ಹಿಂದೆ ನಿಂತವರ ಹಣವೆಲ್ಲ ಮುಂದೆ ನಿಂತವರ ಖಾತೆಗೆ ಸೇರುತ್ತಿತ್ತು.

ಇನ್ನೊಂದು ಸಂಗತಿಯೂ ಅವರ ಪಟ್ಟಿಯಲ್ಲಿತ್ತು. ತಪ್ಪಾಗಿ ಹೊಂದಿದ ವಹಿವಾಟುಗಳೆಲ್ಲ ಒಟ್ಟಾಗಿ ಕಳುಹಿಸಿದ ಫೈಲಿನಿಂದ ಬಂದವು. ಗ್ರಾಹಕರು ದಿನದ ನಡುವೆ ಮೊಬೈಲಿನಲ್ಲಿ ಒಂದೊಂದಾಗಿ ಕಟ್ಟಿದ್ದರಲ್ಲಿ ಒಂದೂ ತಪ್ಪಿರಲಿಲ್ಲ.

ನಾನು ಬಂದಾಗ ಈ ಎರಡು ಸುಳಿವುಗಳು ಸಿದ್ಧವಾಗಿದ್ದವು. ಎರಡೂ ಟೇಬಲ್‌ಗಳ ಕಾಲಂ ಟೈಪ್‌ಗಳನ್ನು, ಅಂದರೆ ಯಾವ ಕಾಲಂನಲ್ಲಿ ಯಾವ ಬಗೆಯ ಬೆಲೆ ಕೂರುತ್ತದೆ ಎಂಬುದನ್ನು, ಪಕ್ಕಪಕ್ಕದಲ್ಲಿ ಇಟ್ಟು ನೋಡಿದೆವು. ವಹಿವಾಟುಗಳ ಟೇಬಲ್‌ನಲ್ಲಿ ಆ ಕಾಲಂ 64 ಬಿಟ್‌ಗಳ ಪೂರ್ಣಾಂಕ. ಹೊಂದಾಣಿಕೆಗಳ ಟೇಬಲ್‌ನಲ್ಲಿ ಅದೇ ಹೆಸರಿನ ಕಾಲಂ ಡಬಲ್, ಎಂದರೆ 64 ಬಿಟ್‌ಗಳ ಫ್ಲೋಟ್, ದಶಮಾಂಶ ಸಂಖ್ಯೆಗಳನ್ನು ಸುಮಾರಾಗಿ ಹಿಡಿದಿಡುವ ಟೈಪ್. ಎರಡೂ 64 ಬಿಟ್ ಎನ್ನುವುದೇ ಹಲವರನ್ನು ದಾರಿ ತಪ್ಪಿಸುತ್ತದೆ. ಡಬಲ್‌ನಲ್ಲಿ ಒಂದು ಬಿಟ್ ಚಿಹ್ನೆಗೆ, 11 ಬಿಟ್‌ಗಳು ಘಾತಕ್ಕೆ ಹೋಗುತ್ತವೆ. ಅಂಕಿಗಳ ನಿಖರತೆಗೆ ಉಳಿಯುವುದು 52 ಬಿಟ್‌ಗಳು, ಬರೆಯದೆಯೇ ಇದೆ ಎಂದು ಹಿಡಿಯುವ ಒಂದನ್ನೂ ಸೇರಿಸಿದರೆ 53 ಬಿಟ್‌ಗಳಷ್ಟು. ಹಾಗಾಗಿ 2ರ 53ನೇ ಘಾತ, ಅಂದರೆ 9007199254740992ರವರೆಗೆ ಎಲ್ಲ ಪೂರ್ಣಾಂಕಗಳೂ ಡಬಲ್‌ನಲ್ಲಿ ತಪ್ಪಿಲ್ಲದೆ ಕೂರುತ್ತವೆ. ಅದರಾಚೆ ಸಂಖ್ಯೆಗಳ ನಡುವೆ ಬಿರುಕು ಬೀಳುತ್ತದೆ. ಮೊದಲು ಎರಡೆರಡರ ಅಂತರ, ಆಮೇಲೆ ನಾಲ್ಕರ, ಎಂಟರ ಅಂತರ. ಸಂಖ್ಯೆ ದೊಡ್ಡದಾದಂತೆ ಬಿರುಕೂ ದೊಡ್ಡದು. ಈ ಸಂಸ್ಥೆಯ 18 ಅಂಕಿಗಳ ಸಂಖ್ಯೆಗಳು 2ರ 58 ಮತ್ತು 59ನೇ ಘಾತಗಳ ನಡುವೆ ಬರುತ್ತವೆ. ಅಲ್ಲಿ ಅಂತರ 64. ಅಕ್ಕಿ ಮೂಟೆ ತೂಗುವ ತಕ್ಕಡಿಯಲ್ಲಿ ಬಂಗಾರ ತೂಗಿದರೆ ಎಷ್ಟು ಸರಿ ಬರುತ್ತದೋ ಇಲ್ಲಿಯೂ ಅಷ್ಟೇ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. 5ನೇ ತಾರೀಖು ಬೆಳಿಗ್ಗೆ ಒಂದೇ ಮಿಲಿಸೆಕೆಂಡಿನಲ್ಲಿ, ಒಂದೇ ಯಂತ್ರದಿಂದ ಹೊರಬಂದ ಮೂರು ವಹಿವಾಟುಗಳು:

529448671641628672
529448671641628673
529448671641628674

ಮೂರು ಬೇರೆ ಬೇರೆ ಮನೆಗಳ ಕಂತುಗಳು ಇವು. ಡಬಲ್‌ಗೆ ಬದಲಿಸಿದರೆ ಮೂರೂ 529448671641628672 ಆಗುತ್ತವೆ. ಮೂರು ಮಾತ್ರವಲ್ಲ, ಆ ಮಿಲಿಸೆಕೆಂಡಿನ ಸರದಿ 0ಯಿಂದ 32ರವರೆಗಿನ 33 ಸಂಖ್ಯೆಗಳೂ ಅದೇ ಒಂದು ಡಬಲ್ ಆಗಿ ಕುಗ್ಗುತ್ತವೆ. 33ನೇ ಸರದಿಯಿಂದ ಆಚೆಯವು ಮುಂದಿನ ಬೆಲೆಗಳಿಗೆ ಹೋಗಿ ಸೇರುತ್ತವೆ.

ಈಗ ಸರದಿಯ ವಿಷಯ. ಒಂದು ಮಿಲಿಸೆಕೆಂಡಿನಲ್ಲಿ ಒಂದೇ ವಹಿವಾಟು ನಡೆದರೆ ಅದರ ಸರದಿ 0. ಆಗ ಕೊನೆಯ 12 ಬಿಟ್‌ಗಳೂ ಸೊನ್ನೆ, ಅಂದರೆ ಸಂಖ್ಯೆ 4096ರ ಗುಣಕ. ಅಂಥ ಸಂಖ್ಯೆ ಡಬಲ್‌ನಲ್ಲಿ ಒಂದಿಷ್ಟೂ ಬದಲಾಗದೆ ಕೂರುತ್ತದೆ. ಗ್ರಾಹಕರು ಒಬ್ಬೊಬ್ಬರಾಗಿ ಕಟ್ಟಿದಾಗ ಎಲ್ಲವೂ ಸರಿಯಾಗಿದ್ದದ್ದು ಇದಕ್ಕೆ. ಪರೀಕ್ಷೆಗೆಂದು ಕೈಯಾರೆ ಸೃಷ್ಟಿಸಿದ ವಹಿವಾಟುಗಳಲ್ಲಿ ತಪ್ಪು ಕಾಣದೆ ಹೋದದ್ದಕ್ಕೂ ಇದೇ ಕಾರಣ, ಏಕೆಂದರೆ ಪರೀಕ್ಷಕರು ಒಂದು ಮಿಲಿಸೆಕೆಂಡಿನಲ್ಲಿ ಎರಡು ಸಲ ಗುಂಡಿ ಒತ್ತಲಾರರು. ಫೈಲ್ ಒಟ್ಟಾಗಿ ಬಂದಾಗ ಮಾತ್ರ ಸರದಿ 1, 2, 3 ಎಂದು ಮುಂದೆ ಸಾಗುತ್ತದೆ. ದೋಷ ಸದಾ ಅಲ್ಲೇ ಇತ್ತು. ಹೊರಗೆ ಕಾಣಲು ಅದಕ್ಕೆ ಜನಸಂದಣಿ ಬೇಕಿತ್ತು.

ಪೂರ್ಣಾಂಕ ಡಬಲ್ ಆದದ್ದು ಹೇಗೆ

ಹೊಂದಾಣಿಕೆಯ ಪಟ್ಟಿಯನ್ನು ಸಿದ್ಧಪಡಿಸುತ್ತಿದ್ದದ್ದು ಪೈಥಾನ್ ಭಾಷೆಯ ಪಾಂಡಾಸ್ ಎಂಬ ದತ್ತಾಂಶ ಲೈಬ್ರರಿಯನ್ನು ಬಳಸಿದ ಒಂದು ಚಿಕ್ಕ ಪ್ರೋಗ್ರಾಂ. ಯಾರೂ ಅಲ್ಲಿ ಡಬಲ್ ಎಂದು ಬರೆದಿರಲಿಲ್ಲ. ಕೆಲವು ತಿಂಗಳ ಹಿಂದೆ ಸಂಸ್ಥೆ ಒಂದು ಒಳ್ಳೆಯ ನಿರ್ಧಾರ ತೆಗೆದುಕೊಂಡಿತ್ತು: ಕಂತು ತಡವಾದದ್ದಕ್ಕೆ ಹಾಕಿದ ದಂಡವನ್ನು ನ್ಯಾಯವಾದ ಕಾರಣವಿದ್ದರೆ ಮನ್ನಾ ಮಾಡುವುದು. ಮನ್ನಾ ಮೊತ್ತವನ್ನೂ ಹೊಂದಾಣಿಕೆಯ ಪಟ್ಟಿಗೇ ಸೇರಿಸಿದರು. ಮನ್ನಾಕ್ಕೆ ಮೂಲ ವಹಿವಾಟು ಇರುವುದಿಲ್ಲ, ಆದ್ದರಿಂದ ಆ ಪಟ್ಟಿಯಲ್ಲಿ ವಹಿವಾಟಿನ ಸಂಖ್ಯೆಯ ಕಾಲಂ ಕೂಡ ಇರಲಿಲ್ಲ. ಎರಡು ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಿದಾಗ ಮನ್ನಾದ ಸಾಲುಗಳಲ್ಲಿ ಆ ಜಾಗ ಖಾಲಿ ಉಳಿಯಿತು. ಪಾಂಡಾಸ್‌ನ ಸಾಮಾನ್ಯ ಪೂರ್ಣಾಂಕ ಕಾಲಂನಲ್ಲಿ "ಇಲ್ಲ" ಎಂದು ಹೇಳಲು ಜಾಗವಿಲ್ಲ. ಫ್ಲೋಟ್‌ನಲ್ಲಿ ಇದೆ. ಹಾಗಾಗಿ ಇಡೀ ಕಾಲಂ ಫ್ಲೋಟ್ ಆಗಿ ಬದಲಾಯಿತು, ಖಾಲಿ ಇಲ್ಲದ ಸಾಲುಗಳೂ ಸೇರಿ. ಅದು ಹಾಗೆಯೇ ಫೈಲಿಗೆ ಹೋಯಿತು, ಫೈಲಿನಿಂದ ಡೇಟಾ ವೇರ್‌ಹೌಸ್‌ಗೆ, ಅಂದರೆ ವರದಿಗಳಿಗಾಗಿ ದತ್ತಾಂಶ ಕೂಡಿಡುವ ಡೇಟಾಬೇಸ್‌ಗೆ, ಹೋಯಿತು. ಅಲ್ಲಿ ಟೇಬಲ್‌ನ ಟೈಪನ್ನು ಬಂದ ಫೈಲ್ ನೋಡಿ ತಾನಾಗಿಯೇ ಹೊಂದಿಸಿಕೊಳ್ಳುವ ಸೌಕರ್ಯವನ್ನು ಚಾಲೂ ಇಟ್ಟಿದ್ದರು.

ಯಾರೋ ಒಬ್ಬರ ಕಡೆ ಬೆರಳು ತೋರಿಸಲು ಇಲ್ಲಿ ಏನೂ ಇಲ್ಲ. ದಂಡ ಮನ್ನಾ ಮಾಡಿದವರು ತಪ್ಪು ಮಾಡಲಿಲ್ಲ, ಪಟ್ಟಿ ಜೋಡಿಸಿದವರೂ ಮಾಡಲಿಲ್ಲ. ಆದರೆ ವಹಿವಾಟಿನ ಸಂಖ್ಯೆ ಎಂಬುದು ಅಳತೆಯಲ್ಲ, ಗುರುತು ಎನ್ನುವುದನ್ನು ಆ ಸರಪಳಿಯಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಬರೆಯದೆ ಬಿಟ್ಟಾಗ ಸಾಫ್ಟ್‌ವೇರ್ ಅದನ್ನು ಅಳತೆ ಎಂದೇ ಭಾವಿಸಿತು.

ಕೊನೆಯ ಹೆಜ್ಜೆ ಜಾಯಿನ್. ಪೂರ್ಣಾಂಕವನ್ನು ಡಬಲ್ ಜೊತೆ ಹೋಲಿಸಬೇಕಾದಾಗ ಹೆಚ್ಚಿನ ಡೇಟಾಬೇಸ್‌ಗಳು ಪೂರ್ಣಾಂಕವನ್ನು ಡಬಲ್ ಮಾಡಿಕೊಂಡು ಹೋಲಿಸುತ್ತವೆ. ಪೋಸ್ಟ್‌ಗ್ರೆಸ್‌ಕ್ಯುಎಲ್‌ನಲ್ಲಿ ಹಾಗೆ, ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಹಾಗೆ, ಸ್ಪಾರ್ಕ್‌ನಲ್ಲಿ ಹಾಗೆ. ಜಾವಾ ಭಾಷೆಯಲ್ಲೂ ಲಾಂಗ್ (64 ಬಿಟ್‌ಗಳ ಪೂರ್ಣಾಂಕ) ಮತ್ತು ಡಬಲ್ ಎದುರಾದರೆ ಲಾಂಗ್ ಡಬಲ್ ಆಗುತ್ತದೆ. ಹೀಗಾಗಿ ಹೊಂದಾಣಿಕೆ ಟೇಬಲ್‌ನಲ್ಲಿ ದುಂಡಾಗಿ ಕುಳಿತಿದ್ದ ಒಂದು ಸಂಖ್ಯೆಯ ಎದುರು ವಹಿವಾಟು ಟೇಬಲ್‌ನ ಹತ್ತಾರು ಸಂಖ್ಯೆಗಳು ದುಂಡಾಗಿ ಬಂದು "ನಾನೂ ಸಮ" ಎಂದವು. ಪೈಥಾನ್ ಭಾಷೆ ಮಾತ್ರ ತನ್ನ ಪೂರ್ಣಾಂಕ ಮತ್ತು ಫ್ಲೋಟ್‌ಗಳನ್ನು ನಿಜವಾದ ಬೆಲೆಯಲ್ಲೇ ಹೋಲಿಸುತ್ತದೆ; 529448671641628673 ಎಂಬ ಪೂರ್ಣಾಂಕ ಅದೇ ಸಂಖ್ಯೆಯ ಫ್ಲೋಟ್‌ಗೆ ಸಮವಲ್ಲ ಎಂದು ಅದು ನೇರವಾಗಿ ಹೇಳುತ್ತದೆ. ತಂಡದ ಒಬ್ಬರು ಇದನ್ನು ಪೈಥಾನ್‌ನಲ್ಲಿ ಪರೀಕ್ಷಿಸಿ "ಇಲ್ಲಿ ಸಮ ಬರುತ್ತಿಲ್ಲ, ಹಾಗಾದರೆ ಇದು ಕಾರಣವಲ್ಲ" ಎಂದು ಬಿಟ್ಟುಬಿಟ್ಟಿದ್ದರು. ಜಾಯಿನ್ ನಡೆಯುವುದು ಎಲ್ಲಿಯೋ ಪರೀಕ್ಷೆಯೂ ಅಲ್ಲಿಯೇ ನಡೆಯಬೇಕು.

ಪಠ್ಯ ಮತ್ತು ಸಂಖ್ಯೆಯನ್ನು ಹೋಲಿಸುವಾಗಲೂ ಇದೇ ಗಂಡಾಂತರವಿದೆ. ಮೈಎಸ್‌ಕ್ಯುಎಲ್ ಎರಡನ್ನೂ ಫ್ಲೋಟ್ ಮಾಡಿ ಹೋಲಿಸುತ್ತದೆ; ಪಠ್ಯದ ಕಾಲಂನಲ್ಲಿ ಬೇಗ ಹುಡುಕಲೆಂದು ಇರುವ ಇಂಡೆಕ್ಸ್ ಕೂಡ ಆಗ ಕೆಲಸಕ್ಕೆ ಬರುವುದಿಲ್ಲ. ಹೈವ್ ಕೂಡ ದೊಡ್ಡ ಪೂರ್ಣಾಂಕ ಮತ್ತು ಪಠ್ಯವನ್ನು ಡಬಲ್ ಆಗಿ ಹೋಲಿಸುತ್ತದೆ, ಆದರೆ ಅಂಥ ಹೋಲಿಕೆಯನ್ನೇ ತಡೆಯುವ ಕಟ್ಟುನಿಟ್ಟಿನ ಸೆಟ್ಟಿಂಗ್ ಒಂದನ್ನು ಕೊಟ್ಟಿದೆ. ಪೋಸ್ಟ್‌ಗ್ರೆಸ್‌ಕ್ಯುಎಲ್ 2008ರ 8.3ನೇ ಆವೃತ್ತಿಯಿಂದ ಪೂರ್ಣಾಂಕ ಮತ್ತು ಪಠ್ಯವನ್ನು ಹೋಲಿಸಲು ಒಪ್ಪದೆ ದೋಷ ತೋರಿಸುತ್ತದೆ. ಆಗ ಹಲವರ ಹಳೆಯ ಕ್ವೆರಿಗಳು ನಿಂತುಹೋದವು. ಆದರೂ ನನ್ನ ಮಟ್ಟಿಗೆ ಅದು ಒಳ್ಳೆಯ ನಿರ್ಧಾರ. ನಿಂತುಹೋದ ಕ್ವೆರಿಯನ್ನು ಯಾರಾದರೂ ಬಂದು ನೋಡುತ್ತಾರೆ.

ಏನೇನು ಪ್ರಯತ್ನಿಸಿದರು

ಕಾರಣ ತಿಳಿದ ಮೇಲೂ ಪರಿಹಾರ ನೇರವಾಗಿ ಸಿಗಲಿಲ್ಲ. ಮೊದಲ ಸಲಹೆ, ಡಬಲ್ ಕಾಲಂ ಅನ್ನು ಕ್ವೆರಿಯಲ್ಲೇ ಪೂರ್ಣಾಂಕಕ್ಕೆ ಮರಳಿಸಿ ಹೋಲಿಸುವುದು. ಹಾಗೆ ಮಾಡಿದರೆ ಒಂದಕ್ಕೆ ಹಲವು ಹೊಂದುವುದು ನಿಲ್ಲುತ್ತದೆ, ಸರಿ. ಆದರೆ 674 ಎಂದು ಕೊನೆಯಾಗಬೇಕಾದ ಸಂಖ್ಯೆ 672 ಎಂದೇ ಮರಳುತ್ತದೆ ಮತ್ತು ಆ 672 ಇನ್ನೊಬ್ಬರ ನಿಜವಾದ ವಹಿವಾಟು. ಒಂದೇ ಒಂದು ಸಾಲು ಹೊಂದುತ್ತದೆ, ಅದು ತಪ್ಪು ಸಾಲು. ಮೊದಲನೆಯದನ್ನು ಉಳಿಸಿಕೊಂಡ ಹಳೆಯ ಉಪಾಯಕ್ಕೂ ಇದಕ್ಕೂ ಫಲದಲ್ಲಿ ವ್ಯತ್ಯಾಸವಿಲ್ಲ. ಕಳೆದುಹೋದ ಅಂಕಿಯನ್ನು ಟೈಪ್ ಬದಲಿಸಿ ಮರಳಿ ತರಲು ಬರುವುದಿಲ್ಲ.

ಎರಡೂ ಕಡೆ ಪಠ್ಯ ಮಾಡಿ ಹೋಲಿಸೋಣ ಎಂದರು ಇನ್ನೊಬ್ಬರು. ಡಬಲ್ ಪಠ್ಯವಾದಾಗ 5.294486716416287e+17 ಎಂದು ಬರುತ್ತದೆ, ಏನೂ ಹೊಂದುವುದಿಲ್ಲ. ಆ ಪಠ್ಯವನ್ನು ಮತ್ತೆ ದಶಮಾಂಶ ಟೈಪಿಗೆ ಬದಲಿಸಿದವರಿಗೆ 529448671641628700 ಸಿಕ್ಕಿತು. ಇದು ಮೂರನೆಯ ಸಂಖ್ಯೆ: ಮೂಲವೂ ಅಲ್ಲ, ಡಬಲ್‌ನಲ್ಲಿ ಕುಳಿತಿದ್ದ ಬೆಲೆಯೂ ಅಲ್ಲ. ಅದೇ ಮಿಲಿಸೆಕೆಂಡಿನ 28ನೇ ಸರದಿಯ ವಹಿವಾಟು ಅದು.

ಎರಡು ಸಂಖ್ಯೆಗಳ ವ್ಯತ್ಯಾಸ ಇಷ್ಟಕ್ಕಿಂತ ಕಡಿಮೆ ಇದ್ದರೆ ಸಮ ಎಂದು ಹಿಡಿಯೋಣ ಎಂಬ ಮಾತೂ ಬಂತು. ತಾಪಮಾನಕ್ಕೆ, ತೂಕಕ್ಕೆ ಅದು ಸರಿಯಾದ ವಿಧಾನ. ಗುರುತಿನ ಸಂಖ್ಯೆಗೆ ಅದು ಅನ್ಯಾಯ. ಪಕ್ಕದ ಸಂಖ್ಯೆ ಎಂದರೆ ಪಕ್ಕದ ಮನುಷ್ಯ. ಆ ಸಲಹೆಯನ್ನು ಅಲ್ಲಿಗೇ ಕೈಬಿಟ್ಟೆವು.

ಮೊತ್ತವನ್ನೂ ಜಾಯಿನ್‌ಗೆ ಸೇರಿಸುವ ಪ್ರಯತ್ನ ಸ್ವಲ್ಪ ದೂರ ಹೋಯಿತು. ಹೊಂದಿದ 33ರಲ್ಲಿ ಮೊತ್ತವೂ ಸಮವಾಗಿರುವುದನ್ನು ಆರಿಸಿದರೆ ಸಾಕಲ್ಲ ಎಂಬ ಲೆಕ್ಕ. ಎರಡು ಕಡೆ ಎಡವಿತು. ಒಂದೇ ಸಾಲ ಯೋಜನೆಯವರ ಕಂತು ಒಂದೇ ಆಗಿರುತ್ತದೆ, ಹಾಗಾಗಿ ಮೊತ್ತ ಯಾರನ್ನೂ ಬೇರ್ಪಡಿಸಲಿಲ್ಲ. ಜೊತೆಗೆ ಒಂದು ಕಡೆ ಮೊತ್ತ ಎರಡು ದಶಮಾಂಶ ಸ್ಥಾನಗಳ ನಿಖರ ಟೈಪ್, ಇನ್ನೊಂದು ಕಡೆ ಮತ್ತೆ ಡಬಲ್. ಶುಲ್ಕಗಳನ್ನು ಡಬಲ್‌ನಲ್ಲಿ ಕೂಡಿಸಿ ಬಂದ ಮೊತ್ತ ಬರೆದಿಟ್ಟ ಮೊತ್ತಕ್ಕೆ ಸಮವಾಗುವ ಭರವಸೆ ಇಲ್ಲ, 0.1ಕ್ಕೆ 0.2 ಕೂಡಿಸಿದರೆ 0.3 ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಪಾಠ. ಪೈಸೆಗೆ ಬದಲಿಸಿ ಹೋಲಿಸೋಣ ಎಂದು 19.99ನ್ನು 100ರಿಂದ ಗುಣಿಸಿದರು. 1998.9999999999998 ಬಂತು, ಪೂರ್ಣಾಂಕ ಮಾಡಿದಾಗ 1998 ಆಯಿತು. ಒಂದು ಪೈಸೆ ಹೋಯಿತು. ಹತ್ತಿರದ ಪೂರ್ಣಾಂಕಕ್ಕೆ ದುಂಡಾಗಿಸಿ ಬದಲಿಸಿದ್ದರೆ ಆ ಪೈಸೆ ಉಳಿಯುತ್ತಿತ್ತು, ಆದರೆ ಮೊದಲ ತೊಡಕು ಹಾಗೆಯೇ ಇರುತ್ತಿತ್ತು.

ನಿಜವಾದ ದುರಸ್ತಿ ಹುಟ್ಟಿನ ಜಾಗದಲ್ಲಿ ಮಾಡಬೇಕಿತ್ತು. ಖಾಲಿಯನ್ನೂ ಒಪ್ಪುವ ಪೂರ್ಣಾಂಕ ಟೈಪ್ ಪಾಂಡಾಸ್‌ನಲ್ಲಿ 2019ರ ಜನವರಿಯಲ್ಲಿ ಬಂದ 0.24ನೇ ಆವೃತ್ತಿಯಿಂದ ಇದೆ. ಎರಡು ಪಟ್ಟಿಗಳನ್ನು ಜೋಡಿಸುವ ಮೊದಲೇ ಆ ಕಾಲಂಗೆ ಈ ಟೈಪ್ ಕೊಟ್ಟರು. ವೇರ್‌ಹೌಸ್‌ನಲ್ಲಿ ಟೇಬಲ್‌ನ ಟೈಪನ್ನು ಕೈಯಾರೆ ಬರೆದು, ಫೈಲ್ ನೋಡಿ ಬದಲಾಗುವ ಸೌಕರ್ಯವನ್ನು ನಿಲ್ಲಿಸಿದರು. ಎರಡು ಪಟ್ಟಿಗಳನ್ನು ಜೋಡಿಸುವ ಮುಂಚಿನ ಮೂಲ ಸಿಎಸ್‌ವಿ (ಸರಳ ಪಠ್ಯದ ಪಟ್ಟಿ) ಫೈಲ್‌ಗಳನ್ನು ಯಾರೋ ದೂರದೃಷ್ಟಿಯವರು ಅಳಿಸದೆ ಇಟ್ಟಿದ್ದರು. ಅವುಗಳಿಂದ ಹೊಂದಾಣಿಕೆಯ ಟೇಬಲ್ ಅನ್ನು ಮೊದಲಿನಿಂದ ಕಟ್ಟಿದೆವು. ಆ ಫೈಲ್‌ಗಳು ಇಲ್ಲದೆ ಹೋಗಿದ್ದರೆ ಯಾರ ಹಣ ಯಾರಿಗೆ ಹೋಯಿತು ಎಂದು ಹೇಳಲು ದಾರಿಯೇ ಇರುತ್ತಿರಲಿಲ್ಲ.

ಎರಡನೆಯ ತಿರುವು

ಇಲ್ಲಿಗೆ ಮುಗಿಯಬೇಕಿತ್ತು. ಎರಡೂ ಕಡೆ ಪೂರ್ಣಾಂಕ, ಒಂದಕ್ಕೆ ಒಂದೇ ಸಾಲು, ಮೊತ್ತ ತಾಳೆ. ಆದರೆ ಮೊತ್ತ ತಾಳೆಯಾದ ಮಾತ್ರಕ್ಕೆ ನಂಬಬಾರದು ಎಂದು ಈಗಾಗಲೇ ಕಲಿತಾಗಿತ್ತು. ಆದ್ದರಿಂದ ಇನ್ನೊಂದು ಪರೀಕ್ಷೆ ಇಟ್ಟೆವು. ಹೊಂದಾಣಿಕೆ ಕೇಳಿ ಕರೆ ಮಾಡಿದವರ ಮೊಬೈಲ್ ಸಂಖ್ಯೆ ಸೇವಾ ವಿಭಾಗದ ಬೇರೊಂದು ಟೇಬಲ್‌ನಲ್ಲಿ ಇರುತ್ತಿತ್ತು. ಅದನ್ನು ವರದಿಗೆ ಯಾರೂ ಬಳಸಿರಲಿಲ್ಲ. ಜಾಯಿನ್ ತೋರಿಸಿದ ಸಾಲದ ಖಾತೆಯ ಮೊಬೈಲ್ ಸಂಖ್ಯೆಯೂ ಕರೆ ಮಾಡಿದವರ ಸಂಖ್ಯೆಯೂ ಒಂದೇ ಇದೆಯೇ ಎಂದು ನೋಡಿದೆವು. ಮನೆಯವರ ಫೋನಿನಿಂದ ಕರೆ ಮಾಡಿದವರು ಇರುತ್ತಾರೆ, ಹಾಗಾಗಿ ಎಲ್ಲವೂ ಹೊಂದಬೇಕೆಂದಿಲ್ಲ. ಆದರೆ ಹೊಂದದೆ ಉಳಿದ ಸಾಲುಗಳಲ್ಲಿ ಒಂದು ಸಾಮ್ಯ ಕಣ್ಣಿಗೆ ಹೊಡೆಯುವಂತಿತ್ತು. ಅವುಗಳ ವಹಿವಾಟಿನ ಸಂಖ್ಯೆಗಳೆಲ್ಲ ಒಂದು ಅಥವಾ ಎರಡು ಸೊನ್ನೆಯಲ್ಲಿ ಕೊನೆಯಾಗುತ್ತಿದ್ದವು.

ಯುವ ಎಂಜಿನಿಯರ್ ಸೇವಾ ವಿಭಾಗದವರ ಪಕ್ಕದಲ್ಲಿ ಹೋಗಿ ಕುಳಿತು, ಅವರು ಕೋರಿಕೆ ದಾಖಲಿಸುವುದನ್ನು ನೋಡಿದರು. ಗ್ರಾಹಕರ ವಹಿವಾಟುಗಳು ಬ್ರೌಸರ್‌ನಲ್ಲಿ ಕಾಣುತ್ತವೆ. ಸಿಬ್ಬಂದಿ ಅಲ್ಲಿಂದ ಸಂಖ್ಯೆಯನ್ನು ನಕಲು ಮಾಡಿ ಹೊಂದಾಣಿಕೆಯ ಅರ್ಜಿಗೆ ಅಂಟಿಸುತ್ತಾರೆ. ಸರ್ವರ್ ಸಂಖ್ಯೆಯನ್ನು ಜೇಸನ್ ಎಂಬ ಪಠ್ಯ ರೂಪದಲ್ಲಿ, ಉದ್ಧರಣ ಚಿಹ್ನೆ ಇಲ್ಲದೆ, ಅಂದರೆ ಪಠ್ಯವೆಂದಲ್ಲ ಸಂಖ್ಯೆಯೆಂದೇ ಕಳುಹಿಸುತ್ತಿತ್ತು. ಬ್ರೌಸರ್‌ನ ಭಾಷೆಯಾದ ಜಾವಾಸ್ಕ್ರಿಪ್ಟ್‌ನಲ್ಲಿ ಸಾಮಾನ್ಯ ಸಂಖ್ಯೆ ಎಂದರೆ ಡಬಲ್ ಮಾತ್ರ. 529448671641628674 ಎಂದು ಹೊರಟ ಸಂಖ್ಯೆ ಸಿಬ್ಬಂದಿಯ ತೆರೆಯ ಮೇಲೆ 529448671641628700 ಎಂದು ಮೂಡುತ್ತಿತ್ತು. ಸಿಬ್ಬಂದಿ ಕಂಡದ್ದನ್ನೇ ನಿಷ್ಠೆಯಿಂದ ನಕಲು ಮಾಡಿದ್ದರು.

ಈ ಕಾರಣಕ್ಕೇ ಟ್ವಿಟರ್ 2010ರಲ್ಲಿ ತನ್ನ ಹೊಸ ಸಂಖ್ಯೆಗಳ ಜೊತೆಗೆ ಅದೇ ಸಂಖ್ಯೆಯನ್ನು ಪಠ್ಯವಾಗಿಯೂ ಕಳುಹಿಸುವ ಇನ್ನೊಂದು ಅಂಕಣವನ್ನು ಸೇರಿಸಿತ್ತು. ಪದ್ಧತಿಯನ್ನು ತಂದುಕೊಂಡವರು ಅದರ ಜೊತೆಗಿದ್ದ ಎಚ್ಚರಿಕೆಯನ್ನು ತರಲಿಲ್ಲ. ಇಂಥದ್ದು ಎಲ್ಲೆಲ್ಲೂ ನಡೆಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ದುರಸ್ತಿಗೆ ಮುನ್ನ, ಎಲ್ಲವೂ ಡಬಲ್ ಆಗಿದ್ದಾಗ, ಈ 700ರ ಸಾಲುಗಳು ಉಳಿದ ತಪ್ಪುಗಳ ನಡುವೆ ಕರಗಿಹೋಗಿದ್ದವು. 674 ಮತ್ತು 700 ಎರಡೂ ಒಂದೇ ಡಬಲ್ ತಾನೆ. ಹೋಲಿಕೆ ನಿಖರವಾದ ಮೇಲೆ ಅವು 28ನೇ ಸರದಿಯವರ ಖಾತೆಗೆ ನಿಖರವಾಗಿ ಹೋಗಿ ಸೇರಿದವು. ಎರಡೂ ಟೈಪ್‌ಗಳು ಒಂದೇ ಆಗಿದ್ದು, ಒಂದು ಸಾಲಿಗೆ ಒಂದೇ ಸಾಲು ಹೊಂದಿ, ಆದರೂ ತಪ್ಪಾಗಿರುವ ಸ್ಥಿತಿ ಇದು. ಜಾಯಿನ್‌ನ ಕಾಲಂ ಒಂದನ್ನೇ ಎಷ್ಟು ದಿಟ್ಟಿಸಿದರೂ ಇದನ್ನು ಕಾಣಲು ಆಗುತ್ತಿರಲಿಲ್ಲ. ಬೇರೆ ದಾರಿಯಲ್ಲಿ ಬಂದ ಮೊಬೈಲ್ ಸಂಖ್ಯೆ ಸಾಕ್ಷಿ ಹೇಳಿದ್ದರಿಂದ ಕಂಡಿತು.

ಕೊನೆಗೆ ಏನಾಯಿತು

ಸರ್ವರ್ ಈಗ ವಹಿವಾಟಿನ ಸಂಖ್ಯೆಯನ್ನು ಪಠ್ಯವಾಗಿ ಕಳುಹಿಸುತ್ತದೆ. ಹಳೆಯ ಸಾಲುಗಳ ಪೈಕಿ ಸೊನ್ನೆಯಲ್ಲಿ ಕೊನೆಯಾದವನ್ನು ಮೊಬೈಲ್ ಸಂಖ್ಯೆ, ಮೊತ್ತ, ದಿನಾಂಕ ಮೂರನ್ನೂ ಇಟ್ಟುಕೊಂಡು ಮನುಷ್ಯರೇ ಒಂದೊಂದಾಗಿ ನೋಡಿದರು. ಒಂದು ಸಾಲ ಕಂಪನಿ ತನ್ನ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸಿ ಕಳುಹಿಸಿತ್ತು. ಎಕ್ಸೆಲ್ 15 ಅಂಕಿಗಳನ್ನು ಮಾತ್ರ ಇಟ್ಟುಕೊಳ್ಳುತ್ತದೆ, ಉಳಿದದ್ದು ಸೊನ್ನೆ. ಅಲ್ಲಿ 529448671641628000 ಎಂಬಂಥ ಸಂಖ್ಯೆಗಳಿದ್ದವು. ಅವುಗಳಿಂದ ಏನನ್ನೂ ಊಹಿಸುವ ಗೋಜಿಗೆ ಹೋಗದೆ ಆ ಕಂಪನಿಯಿಂದಲೇ ಹೊಸ ಪಟ್ಟಿ ತರಿಸಿಕೊಂಡರು. ಈ ನಿರ್ಧಾರಕ್ಕೆ ಸಮಯ ಹಿಡಿಯಿತು, ಒಳಗೆ ವಿರೋಧವೂ ಇತ್ತು, ಆದರೆ ಅದು ಸರಿಯಾದ ನಿರ್ಧಾರ.

ಈಗ ಜಾಯಿನ್‌ಗೆ ಮುನ್ನ ಒಂದು, ನಂತರ ಒಂದು, ಹೀಗೆ ಎರಡು ಪರೀಕ್ಷೆಗಳು ಓಡುತ್ತವೆ. ಜೋಡಿಸುವ ಎರಡೂ ಕಾಲಂಗಳ ಟೈಪ್ ಒಂದೇ ಆಗಿಲ್ಲದಿದ್ದರೆ ಕೆಲಸ ನಿಲ್ಲುತ್ತದೆ. ತಾನಾಗಿ ಬದಲಿಸಿಕೊಂಡು ಮುಂದೆ ಹೋಗುವ ಅವಕಾಶವಿಲ್ಲ. ಜೋಡಿಸಿದ ಮೇಲೆ ಒಂದು ಹೊಂದಾಣಿಕೆಗೆ ಎರಡು ಸಾಲು ಬಂದರೆ ಮೊದಲನೆಯದನ್ನು ಆರಿಸುವ ಬದಲು ಆಗಲೂ ನಿಲ್ಲುತ್ತದೆ. ಪರೀಕ್ಷೆಯ ದತ್ತಾಂಶಕ್ಕೆ ಒಂದೇ ಮಿಲಿಸೆಕೆಂಡಿನ ನೂರಾರು ಸರದಿಗಳ ವಹಿವಾಟುಗಳನ್ನು ಸೇರಿಸಿದ್ದಾರೆ. ಮನ್ನಾ ಪಟ್ಟಿ ಬೇರೆ ಟೇಬಲ್‌ಗೆ ಹೋಯಿತು.

ಟೈಪ್‌ನ ಪರೀಕ್ಷೆ ಸ್ವಲ್ಪ ಅತಿಯಾಯಿತು ಎಂಬ ದೂರು ಬಂದದ್ದುಂಟು. 32 ಬಿಟ್ ಮತ್ತು 64 ಬಿಟ್ ಪೂರ್ಣಾಂಕಗಳನ್ನು ಹೋಲಿಸುವುದರಲ್ಲಿ ಯಾವ ಅಪಾಯವೂ ಇಲ್ಲ, ದೊಡ್ಡದರಲ್ಲಿ ಚಿಕ್ಕದು ಪೂರ್ತಿಯಾಗಿ ಹಿಡಿಯುತ್ತದೆ. ದಶಮಾಂಶ ಸ್ಥಾನವಿಲ್ಲದ ನಿಖರ ಟೈಪ್ ಜೊತೆ ಪೂರ್ಣಾಂಕವನ್ನು ಹೋಲಿಸಿದರೂ ಉತ್ತರ ಸರಿಯೇ, ಕ್ವೆರಿ ನಿಧಾನವಾಗಬಹುದು ಅಷ್ಟೇ. ದೂರು ನ್ಯಾಯವಾದದ್ದೆಂದು ಪೂರ್ಣಾಂಕಗಳ ನಡುವಿನ ಹೋಲಿಕೆಗೆ ವಿನಾಯಿತಿ ಕೊಟ್ಟರು. ಫ್ಲೋಟ್‌ಗೆ ಕೊಡಲಿಲ್ಲ.

ತಪ್ಪಾಗಿ ಜಮಾ ಆದ ಹಳೆಯ ಖಾತೆದಾರರಿಂದ ಹಣವನ್ನು ಒಮ್ಮೆಲೇ ಹಿಂಪಡೆಯದೆ, ಮುಂದಿನ ಕಂತುಗಳಲ್ಲಿ ಹಂಚಿ, ಮೊದಲೇ ತಿಳಿಸಿ ಸರಿಪಡಿಸಿಕೊಂಡರು. ಹೊಂದಾಣಿಕೆ ಸಿಗದೆ ಕಡಿತವಾದವರಿಗೆ ಕಾಯಿಸದೆ ಹಣವನ್ನೇ ಬ್ಯಾಂಕ್ ಖಾತೆಗೆ ಮರಳಿಸಿದರು. ಹೊಲಿಗೆ ಅಂಗಡಿಯವರ ಸಾಲು 674ರದು.